ಆಟ ಆಡುವವರು, ಮಾತು ಆಡುವವರು

2016ರಲ್ಲಿ ಮೂರು ತಿಂಗಳ ಅಂತರದಲ್ಲಿ ಇಬ್ಬರು ಬ್ಯಾಸ್ಕೆಟ್‌ಬಾಲ್ ಬಿಟ್ಟರು. ಇಬ್ಬರೂ ಐದೈದು ಸಲ ಎನ್‌ಬಿಎ, ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಚಾಂಪಿಯನ್ ಆದವರು. ಒಬ್ಬ 20 ಸೀಸನ್ ಆಡಿದ್ದ, ಇನ್ನೊಬ್ಬ 19. ಇಬ್ಬರೂ ಕೊನೆವರೆಗೂ ತಂತಮ್ಮ ತಂಡ ಬಿಟ್ಟು ಕದಲಿದವರಲ್ಲ. ಆದರೆ ಹೊರಟ ರೀತಿ ನೋಡಿದರೆ ಇಬ್ಬರೂ ಒಂದೇ ಆಟ ಆಡಿದ್ದರಾ ಅಂತ ಅನುಮಾನ ಬರಬೇಕು.

ಕೋಬಿ ಬ್ರಯಂಟ್ ಹಿಂದಿನ ನವೆಂಬರ್‌ನಲ್ಲೇ ಹೇಳಿಬಿಟ್ಟಿದ್ದ. ಅದನ್ನೂ ಸುಮ್ನೆ ಹೇಳಲಿಲ್ಲ, ಬ್ಯಾಸ್ಕೆಟ್‌ಬಾಲ್‌ಗೆ ಬರೆದ ಪ್ರೇಮಪತ್ರದ ಹಾಗೆ ಒಂದು ಪದ್ಯ ಬರೆದ. (ಆ ಪದ್ಯ ಮುಂದೆ ಕಿರುಚಿತ್ರವಾಗಿ 2018ರಲ್ಲಿ ಆಸ್ಕರ್ ಕೂಡ ಗೆದ್ದಿತು. ವಿದಾಯಕ್ಕೆ ಆಸ್ಕರ್ ಬಂದಿದ್ದು ಇದೊಂದೇ ಇರಬೇಕು.) ಆಮೇಲೆ ಇಡೀ ಸೀಸನ್ ಹೋದಲ್ಲೆಲ್ಲ ಚಪ್ಪಾಳೆ. ಅವನ ಲೇಕರ್ಸ್ ತಂಡ ಆ ವರ್ಷ 82 ಪಂದ್ಯದಲ್ಲಿ ಗೆದ್ದಿದ್ದು ಬರೀ 17. ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಏಪ್ರಿಲ್ 13ರ ಕೊನೆಯ ಪಂದ್ಯದಲ್ಲಿ, 37ನೇ ವಯಸ್ಸಿನಲ್ಲಿ, ಯೂಟಾ ಜಾಝ್ ಮೇಲೆ 50 ಶಾಟ್ ಎಸೆದು 60 ಪಾಯಿಂಟ್ ಹೊಡೆದ. ಕೊನೆಗೆ ಮೈಕ್ ಹಿಡಿದು ಎರಡು ಮಾತಾಡಿ, ಮೈಕನ್ನು ಕೋರ್ಟ್ ಮೇಲೆ ಇಟ್ಟು ಹೊರಟ.

ಟಿಮ್ ಡಂಕನ್ ವಿಷಯ ಬೇರೆ. ಜುಲೈ 11ರಂದು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಿಂದ ಒಂದು ಪ್ರಕಟಣೆ ಬಂತು. ಡಂಕನ್ ನಿವೃತ್ತನಾಗಿದ್ದಾನೆ ಅಂತ. ಅಷ್ಟೇ. ಪತ್ರಿಕಾಗೋಷ್ಠಿ ಇಲ್ಲ, ಹೂವಿಲ್ಲ, ಕಣ್ಣೀರಿಲ್ಲ. ಮಾರನೇ ದಿನ ಕೋಚ್ ಗ್ರೆಗ್ ಪೊಪೊವಿಚ್ ಅವರು ಡಂಕನ್ ಮುಖ ಅಚ್ಚಾಗಿದ್ದ ಟೀ ಶರ್ಟ್ ಹಾಕಿಕೊಂಡು ಪತ್ರಕರ್ತರ ಮುಂದೆ ಬಂದು ನಿಂತರು. ಗಂಟಲು ಕಟ್ಟಿಕೊಂಡು ಮಾತಾಡಿದರು. ಮುಖ ಬಂದಿತ್ತು, ಮನುಷ್ಯ ಬಂದಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಈ ಆಟಗಾರರನ್ನೆಲ್ಲ ನಾನು ಏಕವಚನದಲ್ಲೇ ಕರೆಯುತ್ತಿದ್ದೇನೆ. ಅದು ಆಟ ನೋಡುವವರ ಸಲುಗೆ. ಇಷ್ಟು ವರ್ಷ ಅವರ ಜೊತೆ ಬೆಳಗಿನ ನಿದ್ದೆ ಹಾಳು ಮಾಡಿಕೊಂಡಿದ್ದೇನೆ, ಅಷ್ಟು ಹಕ್ಕು ಬಂದಿದೆ ಅಂದುಕೊಂಡಿದ್ದೇನೆ.

ಆ ವರ್ಷ ನಾನು ಪೂರ್ತಿ ಕೋಬಿ ಕಡೆಯವನು. ಡಂಕನ್ ಹೋಗಿದ್ದು ನನಗೆ ಗೊತ್ತಾಗಿದ್ದೇ ಎರಡು ದಿನ ಬಿಟ್ಟು. ಅವನ ಆಟ ನನಗೆ ಯಾವತ್ತೂ ಹಿಡಿಸಿರಲಿಲ್ಲ. ರಿಂಗಿನ ಒಂದು ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಬಾಲ್ ತಲೆಯ ಮೇಲೆತ್ತುತ್ತಾನೆ. ಬೋರ್ಡ್ ಮೇಲಿನ ಚೌಕದ ಮೂಲೆಗೆ ತಾಗಿಸುತ್ತಾನೆ. ಬಾಲ್ ಒಳಗೆ ಬೀಳುತ್ತದೆ. ತಿರುಗಿ ಡಿಫೆನ್ಸ್‌ಗೆ ಓಡುತ್ತಾನೆ. ಮುಖದಲ್ಲಿ ಏನೂ ಇಲ್ಲ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಹೇಳಿಕೊಟ್ಟ ಶಾಟನ್ನೇ 19 ವರ್ಷ ಹಾಕಿದ ಪುಣ್ಯಾತ್ಮ. ಶಕೀಲ್ ಒ'ನೀಲ್ ಅವನಿಗಿಟ್ಟ ಅಡ್ಡಹೆಸರೇ 'ಬಿಗ್ ಫಂಡಮೆಂಟಲ್'. ಮೂಲಪಾಠದ ದೊಡ್ಡಣ್ಣ ಅನ್ನಬಹುದು. ಅದು ಹೊಗಳಿಕೆಯೇ. ಆದರೆ ಆ ಹೆಸರು ಹಾಕಿ ಶೂ ಮಾರೋದು ಕಷ್ಟ.

ಕೋಬಿ ಹಾಗಲ್ಲ. ಅವನ ಸುತ್ತ ಕಥೆಗಳಿದ್ದವು. ಬೆಳಗಿನ ಜಾವ ನಾಲ್ಕಕ್ಕೆ ಜಿಮ್‌ನಲ್ಲಿ ಇರುತ್ತಾನಂತೆ. ಬೇರೆಯವರು ಬರುವಷ್ಟರಲ್ಲಿ ಇವನ ಒಂದು ಸುತ್ತು ಮುಗಿದು ಬೆವರು ಆರಿರುತ್ತದಂತೆ. ಇಂಥಾದ್ದನ್ನು ಕೇಳಿ ಕೇಳಿ ನಾನೂ ಒಂದು ವಾರ ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದೆ. ಎದ್ದೆ ಕೂಡ. ಎದ್ದು ಏನು ಮಾಡಬೇಕು ಅಂತ ಮಾತ್ರ ಕಥೆಯಲ್ಲಿ ಇರಲಿಲ್ಲ. ಕತ್ತಲಲ್ಲಿ ಕೂತು ಫೋನ್ ನೋಡಿದೆ. ಮಧ್ಯಾಹ್ನ ಕೆಲಸದಲ್ಲಿ ತೂಕಡಿಸಿದೆ.

ಈಗ ಯೋಚಿಸಿದರೆ, ಕೋಬಿಯ ದುಡಿಮೆ ಬಗ್ಗೆ ನನಗೆ ನಿಜಕ್ಕೂ ಏನಾದರೂ ಕಲಿಸಬಹುದಾಗಿದ್ದ ಕಥೆ ಬೇರೆಯೇ ಇತ್ತು. 1997ರ ಮೇ 12. ಪ್ಲೇ ಆಫ್‌ನಲ್ಲಿ ಯೂಟಾ ಎದುರು ಐದನೇ ಪಂದ್ಯ. ಕೋಬಿಗೆ ಆಗ 18, ಹೈಸ್ಕೂಲ್‌ನಿಂದ ನೇರವಾಗಿ ಎನ್‌ಬಿಎಗೆ ಬಂದು ಒಂದು ವರ್ಷ ಆಗಿಲ್ಲ. ಪಂದ್ಯದ ಕೊನೆಯ ನಿಮಿಷ ಮತ್ತು ಓವರ್‌ಟೈಮ್ ಸೇರಿ ನಾಲ್ಕು ಏರ್‌ಬಾಲ್ ಎಸೆದ. ಏರ್‌ಬಾಲ್ ಅಂದರೆ ರಿಂಗಿಗೂ ತಾಗದೆ, ಬೋರ್ಡಿಗೂ ತಾಗದೆ ಗಾಳಿಯಲ್ಲೇ ಹೋಗುವ ಬಾಲ್. ಗಲ್ಲಿಯಲ್ಲಿ ಆಡುವಾಗ ಒಂದು ಹಾಕಿದರೂ ಸಂಜೆವರೆಗೆ ರೇಗಿಸುತ್ತಾರೆ. ಇವನು ಇಡೀ ದೇಶ ನೋಡುವಾಗ ನಾಲ್ಕು ಹಾಕಿದ. ಲೇಕರ್ಸ್ ಸೀಸನ್ ಅಲ್ಲಿಗೆ ಮುಗಿಯಿತು.

ಆ ರಾತ್ರಿ ತಂಡ ಲಾಸ್ ಏಂಜಲೀಸ್‌ಗೆ ವಾಪಸ್ ಬಂದಮೇಲೆ ಅವನು ಮನೆ ಹತ್ತಿರದ ಹೈಸ್ಕೂಲ್ ಜಿಮ್ ತೆರೆಸಿಕೊಂಡು ಶಾಟ್ ಎಸೆಯುತ್ತಾ ನಿಂತ. ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಖಾಲಿ ಜಿಮ್, ಒಂಟಿ ಹುಡುಗ, ಬಾಲ್ ಸದ್ದು. ಸಿನಿಮಾ ದೃಶ್ಯ. ಆದರೆ ನನಗೆ ಇಷ್ಟವಾಗುವುದು ಇದರ ಮುಂದಿನ ಭಾಗ, ಅದರಲ್ಲಿ ದೃಶ್ಯವೇ ಇಲ್ಲ. ಆ ನಾಲ್ಕೂ ಬಾಲ್ ಎಡಬಲ ಹೋಗಿರಲಿಲ್ಲ. ನೇರವಾಗಿಯೇ ಇದ್ದವು, ಗಿಡ್ಡ ಬಿದ್ದಿದ್ದವು. ಅಂದರೆ ಕೈಯಲ್ಲಿ ತಪ್ಪಿಲ್ಲ, ಕಾಲಲ್ಲಿ ಶಕ್ತಿ ಉಳಿದಿಲ್ಲ. ಹೈಸ್ಕೂಲ್‌ನಲ್ಲಿ ಆಡುತ್ತಿದ್ದ ಪಂದ್ಯಗಳು ಎನ್‌ಬಿಎ ಸೀಸನ್‌ನ ಅರ್ಧದಷ್ಟೂ ಇರಲಿಲ್ಲ. ಇಲ್ಲಿ 82, ಅದರ ಮೇಲೆ ಪ್ಲೇ ಆಫ್. ಹಾಗಾಗಿ ಅವನು ಬೇಸಿಗೆಯಲ್ಲಿ ಬದಲಾಯಿಸಿದ್ದು ಶಾಟನ್ನಲ್ಲ, ಕಾಲಿನ ವ್ಯಾಯಾಮವನ್ನು. ಇಷ್ಟೇ ವಿಷಯ. ತಪ್ಪು ಎಲ್ಲಿದೆ ಅಂತ ಹುಡುಕಿ, ಅಲ್ಲಿಗೆ ಮಾತ್ರ ಕೈ ಹಾಕಿದ. ಇದನ್ನು ಯಾರೂ ಟೀ ಶರ್ಟ್ ಮೇಲೆ ಅಚ್ಚು ಹಾಕಲ್ಲ. ನಾಲ್ಕು ಗಂಟೆಯ ಅಲಾರಂ ಆದರೆ ಅಚ್ಚು ಹಾಕಬಹುದು.

ಖ್ಯಾತಿ ಬಗ್ಗೆ ನನ್ನ ತಕರಾರು ಇದೇ. ಅದು ದುಡಿಮೆಯನ್ನು ಕೆಡಿಸುತ್ತದೆ ಅಂತಲ್ಲ, ಕೆಡಿಸಿದ್ದೂ ಇದೆ, ಕೆಡಿಸದೇ ಇದ್ದದ್ದೂ ಇದೆ. ಆದರೆ ದುಡಿಮೆಯಲ್ಲಿ ಚಂದ ಕಾಣುವ ತುಂಡೊಂದನ್ನು ಕತ್ತರಿಸಿ ನಮ್ಮ ಕೈಗೆ ಕೊಡುತ್ತದೆ. ನಾವು ಆ ತುಂಡನ್ನೇ ಇಡೀ ಬಟ್ಟೆ ಅಂದುಕೊಳ್ಳುತ್ತೇವೆ.

ಇದು ನನಗೆ ಅರ್ಥವಾಗಿದ್ದು ಸ್ವಂತ ಪೆದ್ದುತನದಿಂದ. ಸಂಜೆ ಹೊತ್ತು ಕೋರ್ಟ್ ಖಾಲಿ ಇದ್ದಾಗ 100 ಫ್ರೀ ಥ್ರೋ ಎಸೆಯುವುದು ನನ್ನ ಹಳೇ ಚಟ. ಆಟ ದೊಡ್ಡದೇನಲ್ಲ. 60 ಬಿದ್ದರೆ ಆ ದಿನ ಹಬ್ಬ. ಒಂದು ಸಂಜೆ ಯಾಕೋ ಇದನ್ನು ವಿಡಿಯೊ ಮಾಡೋಣ ಅನ್ನಿಸಿತು. ನೀರಿನ ಬಾಟಲಿಗೆ ಫೋನ್ ಒರಗಿಸಿ ಇಟ್ಟೆ. ಮೊದಲನೇದು ಮಿಸ್. ಛೆ, ವಿಡಿಯೊ ಮಿಸ್‌ನಿಂದ ಶುರುವಾದರೆ ಹೇಗೆ ಅಂತ ಹೋಗಿ ಅಳಿಸಿದೆ. ಮತ್ತೆ ಶುರು. ಎರಡು ಬಿತ್ತು, ಮೂರನೇದು ಮಿಸ್. ಅಳಿಸಿದೆ. ಬಾಟಲಿ ವಾಲಿತು, ಎತ್ತಿ ನಿಲ್ಲಿಸಿದೆ. ಸೂರ್ಯ ಎದುರಿಗೆ ಬರುತ್ತಾನೆ ಅಂತ ಜಾಗ ಬದಲಾಯಿಸಿದೆ. ಸತತ ಏಳು ಬಿದ್ದ ಒಂದು ತುಂಡು ಸಿಕ್ಕಿತು. ಕೂತು ನೋಡಿದೆ. ಬಾಲ್ ಬಿಡುವಾಗ ನನ್ನ ಮೊಣಕೈ ಬಾಗಿಲು ತೆರೆದ ಹಾಗೆ ಹೊರಗೆ ಹೋಗುತ್ತಿತ್ತು. ಕೋಚ್ ಆಗಿದ್ದರೆ ಮೊದಲು ಹಿಡಿಯುತ್ತಿದ್ದ ತಪ್ಪು ಅದೇ. ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ. ನಾನು ನೋಡಿದ್ದು ಹೊಟ್ಟೆ ಕಾಣುತ್ತಿದೆಯಾ ಅಂತ. ಮೊಣಕೈ ಕಂಡಿದ್ದು ಮೂರು ತಿಂಗಳಾದ ಮೇಲೆ, ಬೇರೆ ಏನೋ ಹುಡುಕುವಾಗ ಆ ವಿಡಿಯೊ ಮತ್ತೆ ಸಿಕ್ಕಾಗ.

ಆ ಸಂಜೆ ಮುಕ್ಕಾಲು ಗಂಟೆಯಲ್ಲಿ ಒಟ್ಟು ಎಸೆದಿದ್ದು 38 ಶಾಟ್. ನೋಡುವವರು ಒಬ್ಬರೂ ಇರಲಿಲ್ಲ. ಒಂದು ಬಾಟಲಿ, ಒಂದು ಫೋನ್. ಅಷ್ಟಕ್ಕೇ ನನ್ನ ಕೈ ಬೇರೆಯವರ ಕೈ ಆಗಿಬಿಟ್ಟಿತ್ತು. ಹಾಗಿದ್ದರೆ 17 ವರ್ಷಕ್ಕೇ ಇಡೀ ದೇಶ ದಿಟ್ಟಿಸಿ ನೋಡಿದ ಹುಡುಗನ ಗತಿ?

ಲೆಬ್ರಾನ್ ಜೇಮ್ಸ್ ಹೈಸ್ಕೂಲ್‌ನಲ್ಲಿರುವಾಗಲೇ, 2002ರ ಫೆಬ್ರವರಿಯಲ್ಲಿ, ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟಕ್ಕೆ ಬಂದ. 'ಆರಿಸಿ ಬಂದವನು' ಅನ್ನೋ ಅರ್ಥದ ತಲೆಬರಹ. ಅವನ ಹೈಸ್ಕೂಲ್ ಪಂದ್ಯವನ್ನು ರಾಷ್ಟ್ರೀಯ ಟಿವಿಯಲ್ಲಿ ತೋರಿಸಿದರು. ಎಲ್ಲರಿಗೂ ಮೊದಲು ದುಡಿಮೆ, ಆಮೇಲೆ ಹೆಸರು. ಇವನಿಗೆ ಹೆಸರು ಮೊದಲೇ ಬಂದು ಕೂತಿತ್ತು, ದುಡಿದು ಆ ಸಾಲ ತೀರಿಸಬೇಕಿತ್ತು. ತೀರಿಸಿದ. 2023ರ ಫೆಬ್ರವರಿ 7ರಂದು ಕರೀಂ ಅಬ್ದುಲ್ ಜಬ್ಬಾರ್ ಹೆಸರಲ್ಲಿದ್ದ 38,387 ಪಾಯಿಂಟ್‌ಗಳ ದಾಖಲೆ ದಾಟಿದ. ಮಧ್ಯೆ ಒಂದು ಎಡವಟ್ಟೂ ಆಯಿತು. 2010ರಲ್ಲಿ ಯಾವ ತಂಡಕ್ಕೆ ಹೋಗುತ್ತೇನೆ ಅಂತ ಹೇಳುವುದಕ್ಕೆ ಟಿವಿಯಲ್ಲಿ ಪ್ರತ್ಯೇಕ ಕಾರ್ಯಕ್ರಮವನ್ನೇ ಇಟ್ಟುಕೊಂಡು ಬೈಸಿಕೊಂಡ. ನಾನೂ ಬೈದಿದ್ದೆ. ಈಗ ನೋಡಿದರೆ ಪಾಪ, 17ರಿಂದ ಕ್ಯಾಮೆರಾ ಮುಂದೆಯೇ ಬೆಳೆದ ಹುಡುಗ ದೊಡ್ಡ ವಿಷಯವನ್ನು ಕ್ಯಾಮೆರಾ ಮುಂದೆಯೇ ಹೇಳಿದ, ಅಲ್ವಾ.

ದುಡಿಮೆ ಕ್ಯಾಮೆರಾಗೆ ಯಾಕೆ ಸಿಕ್ಕುವುದಿಲ್ಲ ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ರೇ ಆಲೆನ್. 2013ರ ಫೈನಲ್ಸ್, ಜೂನ್ 18ರ ಆರನೇ ಪಂದ್ಯ. ಡಂಕನ್‌ನ ಸ್ಪರ್ಸ್ ಏಳು ಪಂದ್ಯದ ಸರಣಿಯಲ್ಲಿ 3–2 ಮುಂದೆ. ಇದೊಂದು ಗೆದ್ದರೆ ಚಾಂಪಿಯನ್. ಲೆಬ್ರಾನ್, ಆಲೆನ್ ಇಬ್ಬರೂ ಆಗ ಆಡುತ್ತಿದ್ದ ಮಯಾಮಿ ಹೀಟ್ ಮೂರು ಪಾಯಿಂಟ್ ಹಿಂದೆ, ಉಳಿದಿರುವುದು ಕೆಲವೇ ಸೆಕೆಂಡ್. ಕೋರ್ಟ್ ಸುತ್ತ ಹಳದಿ ಹಗ್ಗ ಹಿಡಿದವರು ಬಂದು ನಿಂತಿದ್ದರು, ಪ್ರಶಸ್ತಿ ಕೊಡುವಾಗ ಜನ ನುಗ್ಗದಿರಲಿ ಅಂತ. ಮಯಾಮಿಯ ಎಷ್ಟೋ ಅಭಿಮಾನಿಗಳು ಸೋತೆವು ಅಂತ ಎದ್ದು ಹೊರಟೇ ಹೋಗಿದ್ದರು.

ಲೆಬ್ರಾನ್ ಎಸೆದ ತ್ರೀ ಪಾಯಿಂಟರ್ ಬೀಳಲಿಲ್ಲ. ಅದೇ ತಂಡದ ಕ್ರಿಸ್ ಬಾಶ್ ರೀಬೌಂಡ್, ಅಂದರೆ ಪುಟಿದು ಬಂದ ಬಾಲ್, ಹಿಡಿದ. ಆ ಹೊತ್ತಿಗೆ ಆಲೆನ್ ರಿಂಗಿನ ಹತ್ತಿರ ಇದ್ದವನು ಬಾಲ್ ಕಡೆ ಮುಖ ಮಾಡಿಕೊಂಡೇ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಲಗಡೆಯ ಮೂಲೆಗೆ ಹೋಗುತ್ತಿದ್ದ. ಆ ಮೂಲೆ ಎಷ್ಟು ಇಕ್ಕಟ್ಟು ಅಂದರೆ, ತ್ರೀ ಪಾಯಿಂಟ್ ಗೆರೆಗೂ ಕೋರ್ಟಿನ ಅಂಚಿಗೂ ನಡುವೆ ಇರುವುದು ಮೂರೇ ಅಡಿ. ಮುಂದೆ ನಿಂತರೆ ಎರಡು ಪಾಯಿಂಟ್, ಹಿಂದೆ ಸರಿದರೆ ಔಟ್. ಆಲೆನ್ ಕೆಳಗೆ ನೋಡಲೇ ಇಲ್ಲ. ಬಾಶ್ ಪಾಸ್ ಕೊಟ್ಟ. ಪಾದ ನೆಲಕ್ಕೆ ಕಚ್ಚಿಕೊಂಡಿತು, ಎಗರಿದ, ಎಸೆದ. ಗಡಿಯಾರದಲ್ಲಿ 5.2 ಸೆಕೆಂಡ್ ಬಾಕಿ. 95–95. ಓವರ್‌ಟೈಮ್‌ನಲ್ಲಿ ಮಯಾಮಿ ಗೆದ್ದಿತು, ಏಳನೇ ಪಂದ್ಯವನ್ನೂ ಗೆದ್ದಿತು.

ಈ ಶಾಟನ್ನು ಸಾವಿರ ಸಲ ತೋರಿಸಿದ್ದಾರೆ. ತೋರಿಸದೇ ಇದ್ದದ್ದು ಆಲೆನ್ ಮಾಡುತ್ತಿದ್ದ ಒಂದು ವಿಚಿತ್ರ ಅಭ್ಯಾಸ. ರಿಂಗಿನ ಮುಂದೆ ನೆಲದ ಮೇಲೆ ಮಲಗುವುದು. ಥಟ್ಟನೆ ಎದ್ದು ಹಿಂದಹಿಂದಕ್ಕೆ ಮೂಲೆಗೆ ಓಡುವುದು. ಕೋಚ್ ಎಸೆದ ಬಾಲನ್ನು ಹಿಡಿದು, ಗೆರೆ ನೋಡದೆ ಶಾಟ್ ಹಾಕುವುದು. ಮತ್ತೆ ಮಲಗುವುದು. 37ನೇ ವಯಸ್ಸಿನ ಆ ಶಾಟ್‌ಗೆ ಅವನು ಎಷ್ಟೋ ವರ್ಷದ ಹಿಂದಿನಿಂದ ಎದ್ದು ಮಲಗಿ ಎದ್ದು ಮಲಗಿ ತಯಾರಿ ಮಾಡಿದ್ದ. ಪಂದ್ಯಕ್ಕೆ ಮೂರು ಗಂಟೆ ಮುಂಚೆ ಬಂದು, ಅದೇ ಜಾಗಗಳಿಂದ ಅದೇ ಕ್ರಮದಲ್ಲಿ ಶಾಟ್ ಹಾಕುತ್ತಿದ್ದ. ಇದರ ವಿಡಿಯೊ ಇಟ್ಟರೂ ಹತ್ತು ನಿಮಿಷಕ್ಕಿಂತ ಜಾಸ್ತಿ ಯಾರು ನೋಡುತ್ತಾರೆ? ನಾನಂತೂ ನೋಡಲ್ಲ. ದುಡಿಮೆ ಅಂದರೆ ಮೂಲತಃ ಬೋರು. ಬೋರು ಅನ್ನುವುದೇ ಅದರ ಗುಟ್ಟು ಅಂತಲೂ ಕೆಲವೊಮ್ಮೆ ಅನ್ನಿಸುತ್ತದೆ. ಬೇರೆಯವರು ಎಲ್ಲಿ ಬೇಜಾರಾಗಿ ಎದ್ದು ಹೋಗುತ್ತಾರೋ ಅಲ್ಲಿ ಇವರು ಇನ್ನೂ ಒಂದು ಗಂಟೆ ಇರುತ್ತಾರೆ.

ನಿನ್ನ ಶಾಟ್ ದೇವರು ಕೊಟ್ಟ ವರ ಅಂತ ಯಾರಾದರೂ ಅಂದರೆ ಆಲೆನ್‌ಗೆ ಸಿಟ್ಟು ಬರುತ್ತಿತ್ತು. ಹಾಗೆ ಅಂದರೆ ನಾನು ದಿನಾ ಪಟ್ಟ ಪಾಡಿಗೆ ಬೆಲೆ ಇಲ್ಲವಾ ಅನ್ನುವುದು ಅವನ ವಾದ. ನಾವು ಹೊಗಳಿಕೆ ಅಂದುಕೊಂಡು ಹೇಳುವ ಮಾತು ಅವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ.

ಈಗ ಇನ್ನೊಬ್ಬ ಆಲೆನ್, ಆಲೆನ್ ಐವರ್ಸನ್ ಕಡೆ ಬರಲೇಬೇಕು. ದುಡಿಮೆ, ಮಾಧ್ಯಮ ಅಂದ ಕೂಡಲೇ ಎಲ್ಲರೂ ತೆಗೆಯುವ ವಿಡಿಯೊ ಅವನದು. 2002ರ ಮೇ 7, ಫಿಲಡೆಲ್ಫಿಯಾ. ತಂಡ ಮೊದಲ ಸುತ್ತಲ್ಲೇ ಬಾಸ್ಟನ್ ಕೈಲಿ ಸೋತು ಹೊರಬಿದ್ದಿದೆ. ಪ್ರಾಕ್ಟೀಸ್‌ಗೆ ಸರಿಯಾಗಿ ಬರಲ್ಲ ಅಂತ ಕೋಚ್ ಲ್ಯಾರಿ ಬ್ರೌನ್ ಅವರಿಗೆ ಅಸಮಾಧಾನ. ಪತ್ರಕರ್ತರು ಅದನ್ನೇ ಕೆದಕಿದರು. ಐವರ್ಸನ್ ಶುರು ಮಾಡಿದ: ಪಂದ್ಯದ ಬಗ್ಗೆ ಅಲ್ಲ, ಪ್ರಾಕ್ಟೀಸ್ ಬಗ್ಗೆ ಮಾತಾಡ್ತಿದ್ದೀವಾ? ಪ್ರಾಕ್ಟೀಸ್? 'ಪ್ರಾಕ್ಟೀಸ್' ಅನ್ನೋ ಪದ ಇಪ್ಪತ್ತಕ್ಕೂ ಜಾಸ್ತಿ ಸಲ ಬಂತು. ಪತ್ರಕರ್ತರು ನಕ್ಕರು. ಆವತ್ತಿನಿಂದ ಇವತ್ತಿನವರೆಗೆ ಅದು ಸೋಮಾರಿ ಸ್ಟಾರ್‌ನ ಗುರುತಿನ ಚೀಟಿ ಆಗಿಬಿಟ್ಟಿದೆ.

ಅದೇ ಗೋಷ್ಠಿಯಲ್ಲಿ ಅವನು ಇನ್ನೊಂದು ಮಾತನ್ನೂ ಹೇಳಿದ್ದ. ನನ್ನ ಆಪ್ತ ಗೆಳೆಯ ಸತ್ತುಹೋದ, ಈ ವರ್ಷವೂ ಹೋಯಿತು ಅಂತ. ಏಳು ತಿಂಗಳ ಹಿಂದೆ ಆ ಗೆಳೆಯ ಗುಂಡೇಟಿಗೆ ಬಲಿಯಾಗಿದ್ದ. ಎರಡು ನಿಮಿಷದ ತುಣುಕಿನಲ್ಲಿ ಆ ಭಾಗ ಇಲ್ಲ. ಇದ್ದರೆ ಯಾರು ನಗುತ್ತಿದ್ದರು?

ಹಾಗಂತ ಅವನನ್ನು ಸಂತ ಮಾಡುವುದಕ್ಕೂ ನಾನು ತಯಾರಿಲ್ಲ. ಪ್ರಾಕ್ಟೀಸ್ ತಪ್ಪಿಸುತ್ತಿದ್ದ, ಅದು ಸುಳ್ಳಲ್ಲ. ತಂಡದ ಉಳಿದವರಿಗೆ ಅದರಿಂದ ತೊಂದರೆಯೂ ಆಗಿರುತ್ತದೆ. ಆದರೆ ಹಿಂದಿನ ವರ್ಷ ಇದೇ ಮನುಷ್ಯ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡು ತಂಡವನ್ನು ಫೈನಲ್ಸ್‌ಗೆ ಹೊತ್ತೊಯ್ದಿದ್ದ. ಆರು ಅಡಿ ಎತ್ತರ. ಎನ್‌ಬಿಎಯಲ್ಲಿ ಅದು ಕುಳ್ಳ ಅನ್ನಿಸಿಕೊಳ್ಳುವ ಎತ್ತರ. 48 ನಿಮಿಷದ ಪಂದ್ಯದಲ್ಲಿ ಸರಾಸರಿ 40 ನಿಮಿಷಕ್ಕೂ ಜಾಸ್ತಿ ಆಡುತ್ತಿದ್ದ. ಪ್ರತಿ ರಾತ್ರಿ ತನಗಿಂತ ಒಂದಡಿ ಎತ್ತರದವರ ಮಧ್ಯೆ ನುಗ್ಗಿ, ಬಿದ್ದು, ಎದ್ದು, ಮತ್ತೆ ನುಗ್ಗುವುದು ದುಡಿಮೆಯೋ ಅಲ್ಲವೋ? ಒಂದು ತುಣುಕು ಅವನನ್ನು ಸೋಮಾರಿ ಮಾಡಿತು, ಇನ್ನೊಂದು ತುಣುಕು ಕೋಬಿಯನ್ನು ಯಂತ್ರ ಮಾಡಿತು. ಎರಡನ್ನೂ ಕತ್ತರಿಸಿದ ಕತ್ತರಿ ಒಂದೇ.

ಇಷ್ಟೆಲ್ಲ ಬರೆದು ಕ್ಯಾಮೆರಾಗೆ ಶಾಪ ಹಾಕಿ ಎದ್ದು ಹೋಗಬಹುದು. ಆದರೆ ಅದು ಉಂಡ ಮನೆಯ ಜಂತೆ ಎಣಿಸಿದ ಹಾಗೆ. 1980ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಮ್ಯಾಜಿಕ್ ಜಾನ್ಸನ್, 20 ವರ್ಷದ ಹೊಸ ಹುಡುಗ, ಗಾಯಗೊಂಡಿದ್ದ ಕರೀಂ ಬದಲು, ಸಾಮಾನ್ಯವಾಗಿ ತಂಡದ ಅತಿ ಎತ್ತರದವರು ಆಡುವ ಸೆಂಟರ್ ಜಾಗದಲ್ಲಿ ಶುರು ಮಾಡಿ 42 ಪಾಯಿಂಟ್ ಹೊಡೆದು ತಂಡಕ್ಕೆ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ. ಅಮೆರಿಕದ ಬಹುಪಾಲು ಜನ ಅದನ್ನು ನೇರವಾಗಿ ನೋಡಲೇ ಇಲ್ಲ. ಟಿವಿಯವರು ರೆಕಾರ್ಡ್ ಮಾಡಿಕೊಂಡು, ತಮ್ಮ ಮಾಮೂಲಿ ಕಾರ್ಯಕ್ರಮ ಮುಗಿದ ಮೇಲೆ ರಾತ್ರಿ ಹನ್ನೊಂದೂವರೆಗೆ ಹಾಕಿದರು. 2024ರಲ್ಲಿ ಎನ್‌ಬಿಎ ಮಾಡಿಕೊಂಡ ಪ್ರಸಾರ ಒಪ್ಪಂದ 11 ವರ್ಷಕ್ಕೆ ಸುಮಾರು 76 ಬಿಲಿಯನ್ ಡಾಲರ್. ಆಟಗಾರರ ಸಂಬಳದ ಮಿತಿ ಲೀಗಿನ ಆದಾಯಕ್ಕೆ ಗಂಟು ಹಾಕಿಕೊಂಡಿರುತ್ತದೆ. ಹಿಂದಿನ ಪ್ರಸಾರ ಒಪ್ಪಂದ ಜಾರಿಗೆ ಬಂದ 2016ರಲ್ಲಿ ತಂಡವೊಂದರ ಸಂಬಳ ಮಿತಿ 70 ಮಿಲಿಯನ್‌ನಿಂದ ಒಂದೇ ಏಟಿಗೆ 94 ಮಿಲಿಯನ್ ಡಾಲರ್‌ಗೆ ಹಾರಿತು. ಆ ವರ್ಷ ಆಟಗಾರರು 34 ಪರ್ಸೆಂಟ್ ಜಾಸ್ತಿ ದುಡಿದರು ಅಂತಲ್ಲ. ಜನ ನೋಡುತ್ತಾರೆ, ಅದಕ್ಕೆ ದುಡ್ಡು.

ಹಾಗಾಗಿ ಮಾತು ಆಡುವುದು ಕೂಡ ಅವರ ಕೆಲಸದ ಒಂದು ಭಾಗವೇ. ಮಾಧ್ಯಮದ ಮುಂದೆ ಬರಲ್ಲ ಅಂದರೆ ದಂಡ ಬೀಳುತ್ತದೆ. 2020ರ ಡಿಸೆಂಬರ್‌ನಲ್ಲಿ ಕೈರಿ ಅರ್ವಿಂಗ್‌ಗೆ 25,000 ಡಾಲರ್ ಬಿತ್ತು. ಕನ್ನಡದಲ್ಲಿ ಇದಕ್ಕೆ ಒಂದು ಅನುಕೂಲ ಇದೆ ನೋಡಿ. ನಾವು ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಎನ್‌ಬಿಎ ಒಪ್ಪಂದಪತ್ರ ಬರೆಯುವವರಿಗೆ ಗೊತ್ತಿದ್ದಿದ್ದರೆ ಒಂದು ಸಾಲು ಉಳಿಯುತ್ತಿತ್ತು.

ಕೆಲವರ ದುಡಿಮೆಯೇ ಆಟಕ್ಕಿಂತ ದೊಡ್ಡ ತಮಾಷೆ ಆಗಿಬಿಟ್ಟಿದ್ದೂ ಇದೆ. ಸ್ಟೆಫ್ ಕರಿ ಪಂದ್ಯಕ್ಕೆ ಮುಂಚೆ ಮಾಡುವ ವಾರ್ಮ್ ಅಪ್ ನೋಡುವುದಕ್ಕೇ ಜನ ಬೇಗ ಬಂದು ಕೂರುತ್ತಾರೆ. ಎರಡು ಕೈಲಿ ಎರಡು ಬಾಲ್ ಪುಟಿಸುವುದರಿಂದ ಶುರುವಾಗಿ, ಓಕ್ಲೆಂಡ್‌ನ ಹಳೇ ಅಂಗಣದಲ್ಲಿ ಲಾಕರ್ ರೂಮಿನ ದಾರಿಯ ಬಾಯಲ್ಲಿ ನಿಂತು ಎಸೆಯುತ್ತಿದ್ದ ಶಾಟ್‌ವರೆಗೆ. ನೂರಾರು ಫೋನ್ ಮೇಲೇಳುತ್ತವೆ. ಇದನ್ನು ನೋಡಿದವರಿಗೆ ಅವನ ಶಾಟ್ ಹುಟ್ಟಿದ ರೀತಿ ಕಾಣಿಸಿತು ಅನ್ನಿಸಬಹುದು. ಆದರೆ ಆ ಶಾಟ್ ಹುಟ್ಟಿದ್ದು ಹೈಸ್ಕೂಲ್ ದಿನಗಳ ಒಂದು ಬೇಸಿಗೆಯಲ್ಲಿ. ಅಲ್ಲಿವರೆಗೆ ಅವನು ಸೊಂಟದ ಹತ್ತಿರದಿಂದ ಬಾಲ್ ಎಸೆಯುತ್ತಿದ್ದ. ಹೀಗಾದರೆ ಎತ್ತರದವರು ತಡೆದುಬಿಡುತ್ತಾರೆ ಅಂತ ಅಪ್ಪ ಡೆಲ್ ಕರಿ, ಅವರೂ ಎನ್‌ಬಿಎಯಲ್ಲಿ ಆಡಿದವರು, ಕೈಯನ್ನು ತಲೆಯ ಮೇಲಕ್ಕೆ ತರಿಸಿದರು. ಬರುತ್ತಿದ್ದ ಶಾಟೂ ಹೋಯಿತು. ದೂರದಿಂದ ಎಸೆಯಲು ಆಗದೆ ರಿಂಗಿನ ಹತ್ತಿರವೇ ನಿಂತು ಮಗುವಿನ ಹಾಗೆ ಮೊದಲಿನಿಂದ ಕಲಿಯಬೇಕಾಯಿತು. ಆ ಬೇಸಿಗೆ ಪೂರ್ತಿ ಅವನಿಗೆ ನರಕ. ಆಗ ಫೋನ್ ಹಿಡಿದು ನಿಂತವರು ಯಾರೂ ಇರಲಿಲ್ಲ. ಇದ್ದಿದ್ದರೆ, ನನ್ನ ಬಾಟಲಿ ಪ್ರಸಂಗ ನೆನಪಿಸಿಕೊಂಡು ಹೇಳುತ್ತೇನೆ, ಅವನು ಹಳೇ ಶಾಟಿಗೇ ವಾಪಸ್ ಹೋಗುತ್ತಿದ್ದ ಅಂತ ನನ್ನ ಗುಮಾನಿ.

ಜೆರೆಮಿ ಲಿನ್ ಕಥೆ ಇದರ ಉಲ್ಟಾ. ಎರಡು ತಂಡ ಕೈಬಿಟ್ಟಿದ್ದ ಹುಡುಗ, 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಬೇರೆಯವರ ಸೋಫಾ ಮೇಲೆ ಮಲಗುತ್ತಿದ್ದವನು, ಫೆಬ್ರವರಿ 4ರಂದು 25 ಪಾಯಿಂಟ್ ಹೊಡೆದ. ಆರೇ ದಿನದಲ್ಲಿ ಕೋಬಿಯ ಲೇಕರ್ಸ್ ಮೇಲೆ 38. ಎರಡು ವಾರ ಸತತವಾಗಿ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಮುಖಪುಟ. ಮಾರ್ಚ್‌ನಲ್ಲಿ ಮಂಡಿ ಕೈಕೊಟ್ಟಿತು, ಅಬ್ಬರ ಇಳಿಯಿತು. ಆಮೇಲೆ ಏಳು ವರ್ಷ ಅವನು ಸುಮಾರಾಗಿ ಚೆನ್ನಾಗಿಯೇ ಆಡಿದ. ಆದರೆ ಹೋದಲ್ಲೆಲ್ಲ ಜನ ಕೇಳಿದ್ದು ಆ ಎರಡು ವಾರ ಎಲ್ಲಿ ಅಂತ.

ಮತ್ತೆ ಡಂಕನ್. ಅವನ ಬಗ್ಗೆ ಹುಡುಕಿ ಓದಲು ಶುರು ಮಾಡಿದ್ದು ಅವನು ಆಟ ಬಿಟ್ಟ ಮೇಲೆ. ಇದೂ ನನ್ನ ಹಣೆಬರಹ. ಕೆರಿಬಿಯನ್‌ನ ಸೇಂಟ್ ಕ್ರೊಯಿ ದ್ವೀಪದ ಹುಡುಗ, ಈಜುಗಾರ ಆಗಬೇಕಿದ್ದವನು. 1989ರಲ್ಲಿ ಹ್ಯೂಗೊ ಚಂಡಮಾರುತ ದ್ವೀಪದ ಈಜುಕೊಳವನ್ನು ಹಾಳು ಮಾಡಿತು. ಮರುವರ್ಷ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಡಿಗ್ರಿ ಮುಗಿಸುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದ. ಬೇರೆ ಹುಡುಗರು ಕಾಲೇಜು ಅರ್ಧಕ್ಕೆ ಬಿಟ್ಟು ಎನ್‌ಬಿಎಗೆ ಓಡುತ್ತಿದ್ದಾಗ ಇವನು ನಾಲ್ಕೂ ವರ್ಷ ಕೂತು ಮನಶ್ಶಾಸ್ತ್ರ ಓದಿದ. ಅಲ್ಲಿ ಪ್ರೊಫೆಸರ್ ಒಬ್ಬರ ಜೊತೆ ಸೇರಿ ಒಂದು ಸಂಶೋಧನಾ ಅಧ್ಯಾಯ ಬರೆದವರಲ್ಲಿ ಇವನೂ ಒಬ್ಬ. ವಿಷಯ ಏನು ಗೊತ್ತಾ? ಜಂಬ ಕೊಚ್ಚಿಕೊಳ್ಳುವವರನ್ನು ಕಂಡರೆ ಬೇರೆಯವರಿಗೆ ಹೇಗನ್ನಿಸುತ್ತದೆ ಅನ್ನುವುದು. ಅದು ಅಚ್ಚಾಗಿದ್ದು 1997ರಲ್ಲಿ, ಅವನು ಎನ್‌ಬಿಎಗೆ ಕಾಲಿಟ್ಟ ವರ್ಷ. ಇದನ್ನು ಓದಿದಾಗ ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. 19 ವರ್ಷ ಆ ಮನುಷ್ಯನ ಮುಖದಲ್ಲಿ ಏನೂ ಇರಲಿಲ್ಲ ಅಂದೆನಲ್ಲ, ಅಲ್ಲಿ ಒಂದು ಸಣ್ಣ ನಗು ಇತ್ತೋ ಏನೋ.

ಹಾಗಂತ ಮೌನವನ್ನೂ ಸುಮ್ಮನೆ ಬಿಡುವುದಿಲ್ಲ ಈ ಜಗತ್ತು. 2023ರಲ್ಲಿ ಡೆನ್ವರ್ ಚಾಂಪಿಯನ್ ಆದಾಗ ನಿಕೋಲಾ ಯೋಕಿಚ್ ಮೆರವಣಿಗೆ ಯಾವತ್ತು ಅಂತ ಕೇಳಿ, ಗುರುವಾರ ಅಂದಾಗ ಅಯ್ಯೋ ನಾನು ಮನೆಗೆ ಹೋಗಬೇಕಲ್ಲ ಅಂತ ಮುಖ ಸಣ್ಣ ಮಾಡಿದ. ಸರ್ಬಿಯಾದಲ್ಲಿ ಅವನ ಕುದುರೆಗಳು ಕಾಯುತ್ತಿದ್ದವು. 2014ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವಾಗ, 41ನೆಯವನಾಗಿ ಅವನ ಹೆಸರು ಕರೆದಾಗ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು, ಅವನು ಮನೆಯಲ್ಲಿ ಮಲಗಿದ್ದ. ಪ್ರಚಾರ ಬೇಡ ಅನ್ನುವ ಅವನ ಈ ಗುಣವೇ ಈಗ ದೊಡ್ಡ ಪ್ರಚಾರ. ಎಲೆಮರೆಯ ಕಾಯಿಗೆ ಟಾರ್ಚ್ ಬಿಟ್ಟು, ನೋಡಿ ಎಷ್ಟು ಚಂದ ಮರೆಯಾಗಿದೆ ಅಂತ ತೋರಿಸುವವರು ನಾವು. ಈ ಬರಹದಲ್ಲಿ ನಾನು ಮಾಡುತ್ತಿರುವುದೂ ಬಹುಶಃ ಅದನ್ನೇ.

ಡಂಕನ್ ಮುಖ ಒಡೆದಿದ್ದನ್ನು ನಾನು ನೋಡಿದ್ದು ಒಂದೇ ಸಲ. 2013ರಲ್ಲಿ ರೇ ಆಲೆನ್ ಶಾಟ್ ಆದ ಎರಡು ದಿನಕ್ಕೆ ನಡೆದ ಏಳನೇ ಪಂದ್ಯ. ಒಂದು ನಿಮಿಷವೂ ಬಾಕಿ ಇಲ್ಲ, ಎರಡು ಪಾಯಿಂಟ್ ಹಿಂದೆ. ರಿಂಗಿನ ಹತ್ತಿರ, ತನಗಿಂತ ಗಿಡ್ಡನೆಯ ಶೇನ್ ಬ್ಯಾಟಿಯೇ ಅಡ್ಡ ಇದ್ದ. 16 ವರ್ಷದಿಂದ ಕಣ್ಣುಮುಚ್ಚಿಕೊಂಡು ಹಾಕುತ್ತಿದ್ದಂಥ ಶಾಟ್. ಬೀಳಲಿಲ್ಲ. ಮರುಕ್ಷಣ ಬೆರಳಿಂದ ತಟ್ಟಿದ್ದೂ ಬೀಳಲಿಲ್ಲ. ಓಡಿ ಹಿಂದಕ್ಕೆ ಬಂದು, ಬಗ್ಗಿ, ಎರಡೂ ಅಂಗೈಯಿಂದ ನೆಲಕ್ಕೆ ಹೊಡೆದ. ಅಷ್ಟು ದುಡಿದೂ ತಪ್ಪುತ್ತದೆ. ಮರುವರ್ಷ ಅದೇ ಮಯಾಮಿಯನ್ನು 4–1ರಲ್ಲಿ ಸೋಲಿಸಿ ಐದನೇ ಚಾಂಪಿಯನ್‌ಶಿಪ್ ತಗೊಂಡ. ಆಗ ಅವನಿಗೆ 38.

2020ರ ಹಾಲ್ ಆಫ್ ಫೇಮ್ ಪಟ್ಟಿಯಲ್ಲಿ ಕೋಬಿ, ಡಂಕನ್ ಇಬ್ಬರ ಹೆಸರೂ ಒಟ್ಟಿಗೆ ಬಂತು, ಕೆವಿನ್ ಗಾರ್ನೆಟ್ ಜೊತೆ. ಪಟ್ಟಿ ಬರುವ ಹೊತ್ತಿಗೆ ಕೋಬಿ ಇರಲಿಲ್ಲ. ಆ ವರ್ಷದ ಜನವರಿ 26ರಂದು ಹೆಲಿಕಾಪ್ಟರ್ ಅಪಘಾತದಲ್ಲಿ 13 ವರ್ಷದ ಮಗಳ ಜೊತೆ ತೀರಿಹೋಗಿದ್ದ. ಕೋವಿಡ್‌ನಿಂದಾಗಿ ಸಮಾರಂಭ ಮುಂದಕ್ಕೆ ಹೋಗಿ 2021ರ ಮೇನಲ್ಲಿ ನಡೆಯಿತು.

ಆ ರಾತ್ರಿಯ ವಿಡಿಯೊ ನಾನು ಎರಡು ಸಲ ನೋಡಿದ್ದೇನೆ. ಡಂಕನ್ ವೇದಿಕೆಗೆ ಬಂದ. ಏಳನೇ ಪಂದ್ಯದಂಥ ನಾಲ್ಕು ಪಂದ್ಯಗಳ ಒತ್ತಡ ಒಟ್ಟಿಗೆ ಬಂದ ಹಾಗೆ ಇದ್ದ. ಜೀವನದಲ್ಲಿ ಇಷ್ಟು ಹೆದರಿದ್ದು ಇದೇ ಮೊದಲು ಅಂದ. ಕೋಬಿ ಪರವಾಗಿ ಹೆಂಡತಿ ವನೆಸ್ಸಾ ಬಂದರು, ಪಕ್ಕದಲ್ಲಿ ಮೈಕಲ್ ಜಾರ್ಡನ್ ಕೈಕಟ್ಟಿ ನಿಂತಿದ್ದ. ಗಂಡ ಬರೆದಿಟ್ಟ ಭಾಷಣ ಅಂತ ಯಾವುದೂ ಇಲ್ಲ, ಯಾಕೆಂದರೆ ಅವರು ಎಲ್ಲಾ ಭಾಷಣವನ್ನೂ ತಯಾರಿ ಇಲ್ಲದೆ ಬಾಯಿಗೆ ಬಂದ ಹಾಗೆಯೇ ಮಾಡುತ್ತಿದ್ದರು ಅಂದರು ವನೆಸ್ಸಾ.